ಎರಡು ಬನಿಯನ್

೧೪ ಮಾರ್ಚ್ ೨೦೨೫, ಶುಕ್ರವಾರ

'ಪ್ರೀತಿಯ ಮುಂದೆ ಮೈಗೆ ಗುಟ್ಟಿಲ್ಲ' ಎಂದೋ ಏನೋ ಒಂದು ಸಾಲು, ಎಲ್ಲಿ ಓದಿದ್ದೆನೋ. ಬರೆದವರು ಅಂಗಿ ತೊಟ್ಟೇ ಮಲಗುವ ಗಂಡನೊಡನೆ ಸಂಸಾರ ಮಾಡಿರಲಿಕ್ಕಿಲ್ಲ.

ಮೈಯಲ್ಲಿ ತುಂಬುವ ನೀರು ಇಳಿಸುವ ಮಾತ್ರೆಯನ್ನು ಇವರು ಮೂರು ತಿಂಗಳಿಂದ ನುಂಗಿಯೇ ಇಲ್ಲವಂತೆ. ಇವತ್ತು ಹೃದಯದ ಡಾಕ್ಟರ ಮುಂದೆ ಬಾಯಿಬಿಟ್ಟರು. ಆ ಮಾತ್ರೆ ಶುರುವಾದ ಮೇಲೆ ಎದೆ ಹೆಂಗಸರ ಹಾಗೆ ಬೆಳೆಯಿತು, ನೋವೂ ಬಂತು. ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿದ ಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಬೇಕು. "ಏನ್ ಗುರು, ಮನೇಲಿ ಸೀರೆ ಯಾರು ಉಡೋದು?" ಎಂದನಂತೆ ಒಬ್ಬ. ಅಂದಿನಿಂದ ಎರಡು ಬನಿಯನ್. ನಾನು ಚಳಿಗೆ ಅಂದುಕೊಂಡೆ.

"ಕೆಲವು ಗಂಡಸರಿಗೆ ಈ ಮಾತ್ರೆಯಿಂದ ಹೀಗಾಗುತ್ತೆ. ಹೇಳಿದ್ರೆ ಬೇರೆ ಕೊಡ್ತಿದ್ದೆ ಕಣ್ರೀ," ಎಂದರು ಡಾಕ್ಟರು. ಬೇರೆಯದನ್ನು ಬರೆದೂ ಕೊಟ್ಟರು. ಆದರೆ ಈ ಮೂರು ತಿಂಗಳಲ್ಲಿ ಹೃದಯ ಕಳೆದುಕೊಂಡ ಬಲ ಮತ್ತೆ ಬರುವುದು ಕಷ್ಟವೆಂದು ನನ್ನೊಬ್ಬಳನ್ನೇ ಕರೆದು ಹೇಳಿದರು.

ಸಿಟ್ಟಿಗಿಂತ ಹೆಚ್ಚಾಗಿ ಕೊರೆಯುವುದು ಇದು. ಇಪ್ಪತ್ತೆರಡು ವರ್ಷದ ಮೇಲೂ, ನಾನು ನಗಬಹುದೆಂದು ಅವರು ಹೆದರಿದರು.

ಪ್ರತಿ ವಾರ ಖಾಲಿ ಸ್ಟ್ರಿಪ್ ನೋಡಿ ನಿಶ್ಚಿಂತಳಾಗಿದ್ದೆನಲ್ಲ. ಬರುವಾಗ ಆಟೋದಲ್ಲಿ ಕೇಳಿದೆ, ಮಾತ್ರೆಗಳನ್ನೆಲ್ಲ ಎಸೆದಿರಾ ಎಂದು. ಅವರು ಡ್ರೈವರನಿಗೆ ದಾರಿ ಹೇಳತೊಡಗಿದರು.

ಸಂಜೆ ಪಕ್ಕದ ಮನೆಯ ಮಹಾನಂದಾ ಬಾಗಿಲಿಗೆ ಬಂದಳು. "ಅಕ್ಕಾರ, ಅಣ್ಣಾರು ಪೊಟ್ಣಾ ಕಟ್ಟಿ ಕೊಡ್ತಿದ್ದ ಮಾತ್ರಿ ಮುಗದಾವ್ರಿ. ನನ್ನ ಕಾಲಿನ ಬಾವು ಭಾಳ ಚಲೋ ಇಳದೈತಿ. ಇನ್ನೊಂದಿಷ್ಟು ಅದಾವೇನ್ರೀ?"