ಬೇಳೆ ಬೇಯುವ ನೀರು

ನವದೆಹಲಿ
14 ನವೆಂಬರ್ 2024, ಗುರುವಾರ ಸಂಜೆ

ಸರಳಕ್ಕಾ,

ಗೆದ್ದೆ ಕಣಕ್ಕಾ! ಕ್ಷೇಮ ಸಮಾಚಾರವೆಲ್ಲ ಆಮೇಲೆ, ಮೊದಲು ಇದನ್ನು ಓದು. ಫೋನ್ ಮಾಡಬಹುದಿತ್ತು. ಆದರೆ ನಾನು ಶುರುಮಾಡುವಷ್ಟರಲ್ಲಿ ನೀನು ‘ಇರು, ಹಸ ಬೀನ್ಸ್ ತೋಟಕ್ಕೆ ನುಗ್ಬುಡ್ತು’ ಅಂತ ಎದ್ದುಹೋಗುತ್ತೀಯ, ವಾಪಸ್ ಬರುವ ಹೊತ್ತಿಗೆ ನನ್ನ ಉತ್ಸಾಹವೆಲ್ಲ ಇಳಿದಿರುತ್ತದೆ. ಕಾಗದವಾದರೆ ಕೂತು ಓದಲೇಬೇಕು.

ನಾನು ದೆಹಲಿಗೆ ಯಾಕೆ ಹೋಗಿದ್ದೇನೆ ಎಂದು ಸುರೇಂದ್ರ ಭಾವ ಕೇಳಿದರೆ ನೀನು ‘ಏನೋ ಮೀಟಿಂಗಂತೆ’ ಅಂದಿರುತ್ತೀಯ. ಸಂಗತಿ ಇಷ್ಟು. ಕಲ್ಲು, ಮಣ್ಣು, ನೀರಿನಲ್ಲಿ ಏನೇನು ಸೇರಿದೆ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದು ನನ್ನ ಭೂರಸಾಯನಶಾಸ್ತ್ರ. ದೇಶದಲ್ಲಿ ನಡೆಯುವ ಈ ಸಂಶೋಧನೆಯನ್ನೆಲ್ಲ ವಿಭಾಗಗಳಾಗಿ ಜೋಡಿಸಿ, ಮುಂದಿನ ಹತ್ತು ವರ್ಷ ಸರ್ಕಾರ ಯಾವುದಕ್ಕೆ ಹಣ ಕೊಡಬೇಕು ಎಂದು ಹೇಳಲು ಒಂದು ಸಮಿತಿ ಮಾಡಿದ್ದಾರೆ. ಅದರಲ್ಲಿ ನಾನೇ ಕಿರಿಯಳು. ಕರಡು ನೋಡಿದರೆ ಭೂಮಿಯ ಆಳಕ್ಕೊಂದು ವಿಭಾಗ, ಅದಿರಿಗೊಂದು, ಸಮುದ್ರಕ್ಕೊಂದು, ಆಕಾಶದಿಂದ ಬೀಳುವ ಉಲ್ಕೆಗೂ ಒಂದು. ಬಾವಿ ನೀರು ಮಾತ್ರ ಕಟ್ಟಕಡೆಗೆ ‘ಇತರೆ’ಯಲ್ಲಿ. ಇತರೆಗೆ ಹಣ ಬಂದದ್ದನ್ನು ನಾನಂತೂ ನೋಡಿಲ್ಲ. ಹಾಗೇ ಬಿಟ್ಟಿದ್ದರೆ ನಮ್ಮ ಕಡೆ ತಳಿಯಿಂದ ಸಾನಮಾವಿನವರೆಗಿನ ಊರುಗಳಲ್ಲಿ ನಾವು ಮಾಡುತ್ತಿರುವ ಬಾವಿ ನೀರಿನ ಕೆಲಸ ಮಾರ್ಚ್‌ಗೆ ನಿಂತುಹೋಗುತ್ತಿತ್ತು. ನಿನ್ನ ಅಟ್ಟದ ಮೇಲೆ ತುಂಬಿಸಿಟ್ಟಿರುವ ಬಾಟಲಿಗಳು ಗುಜರಿಗೆ ಹೋಗುತ್ತಿದ್ದವು.

ಅಧ್ಯಕ್ಷರು ಉಲ್ಕೆಗಳ ಮೇಲೆ ಕೆಲಸ ಮಾಡಿ ಹೆಸರಾದವರು. ಒಳ್ಳೆಯವರೇ, ಆದರೆ ಮೇಲಿಂದ ಬಿದ್ದದ್ದಕ್ಕೇ ಅವರ ಹತ್ತಿರ ಬೆಲೆ. ಕಲ್ಲು ನಮ್ಮದು, ನೀರಿಗೆ ನೀರಿನ ಇಲಾಖೆ ಇದೆ, ಮಣ್ಣು ಕೃಷಿಯವರದು, ಕಾಯಿಲೆ ಆರೋಗ್ಯದವರದು, ನಿಮಗ್ಯಾಕೆ ಈ ತಲೆನೋವು ಎಂದು ನಗುತ್ತಲೇ ಕೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ತಯಾರಿ ಮಾಡಿಕೊಂಡಿದ್ದ ಭಾಷಣವನ್ನು ಪಕ್ಕಕ್ಕಿಟ್ಟು ನಮ್ಮ ಮನೆಯ ಕಥೆ ಹೇಳಿದೆ.

(ಇಲ್ಲಿಂದ ಮುಂದಿನದು ಅಮ್ಮನಿಗೆ ಓದಬೇಡ. ಪಾಪ, ನೊಂದುಕೊಳ್ಳುತ್ತಾಳೆ.)

ನಮ್ಮ ಕಡೆ ನೀರನ್ನು ವಿಂಗಡಿಸುವುದೇ ಬೇಳೆಯಿಂದ. ಬೇಳೆ ಬೇಯುವ ನೀರು ಮನೆಗೆ, ಬೇಯದ್ದು ದನಕ್ಕೆ. ಅಂಜನಪ್ಪನವರ ಹಳೇ ಬಾವಿ ನೀರಿನಲ್ಲಿ ಎಷ್ಟು ಕುದಿಸಿದರೂ ತೊಗರಿಬೇಳೆ ಹಾಗೇ ಉಳಿಯುತ್ತಿತ್ತು. ನಾವು ಚಿಕ್ಕವರಿದ್ದಾಗ ಬೋರ್ ಹಾಕಿಸಿದ ದಿನ ಅಮ್ಮ ಮುಚ್ಚಳ ತೆಗೆದು ‘ನೋಡ್ರಮ್ಮಾ, ಬೆಣ್ಣೆ ಆಗ್ಬುಟ್ಟೈತೆ’ ಎಂದು ಬೀದಿಗೆಲ್ಲ ತೋರಿಸಿದಳಂತಲ್ಲ, ಊರಿಗೆ ಊರೇ ಆ ನೀರಿಗೆ ಬಂತು. ಬೇಳೆ ಬೇಯಲು ಬಿಡದ ಸುಣ್ಣದಂಶ ಆ ನೀರಿನಲ್ಲಿ ಇರಲಿಲ್ಲ, ನಿಜ. ಆದರೆ ಸುಣ್ಣ ಕಮ್ಮಿಯಿದ್ದ ಕಡೆಯೇ ಕಲ್ಲಿನೊಳಗಿನ, ಹಲ್ಲು ಕೆಡಿಸುವ ಫ್ಲೋರೈಡ್ ಸಲೀಸಾಗಿ ಕರಗಿ ಬರುತ್ತದೆ. ಅದು ಯಾರಿಗೆ ಗೊತ್ತಿತ್ತು? ಹಾಲುಹಲ್ಲು ಬಿದ್ದು ಬಂದ ಹಲ್ಲು ನಮ್ಮಿಬ್ಬರಿಗೂ ಕಂದು ಕಂದು. ಅಮ್ಮ ಇದ್ದಿಲು ಪುಡಿ ಹಾಕಿ ವಸಡು ಕಿತ್ತುಬರುವ ಹಾಗೆ ತಿಕ್ಕಿ, ಮತ್ತೆ ಅದೇ ಬೋರ್ ನೀರು ಕೊಟ್ಟು ಬಾಯಿ ಮುಕ್ಕಳಿಸು ಅನ್ನುತ್ತಿದ್ದಳು. ನಿನ್ನನ್ನು ನೋಡಲು ಮೊದಲು ಬಂದಿದ್ದ ಗಂಡಿನವರು ‘ಹುಡ್ಗಿ ಹಲ್ಲುಜ್ಜಲ್ವಾ’ ಎಂದು ಎದ್ದುಹೋದರು. ಅವತ್ತಿನಿಂದ ನೀನು ಬಾಯಿಗೆ ಸೆರಗು ಅಡ್ಡ ಹಿಡಿಯದೆ ನಕ್ಕಿಲ್ಲ. ನಾನು ಇಷ್ಟು ಓದಿಯೂ ತುಟಿ ಬಿಚ್ಚದೆ ನಗುವುದನ್ನು ಕಲಿತೆ.

ನಾವು ನೀರನ್ನು ಬೇಳೆಯೊಂದರಿಂದ ವಿಂಗಡಿಸಿ ಕೆಟ್ಟೆವು, ನೀವು ವಿದ್ಯೆಯನ್ನು ಇಲಾಖೆಗಳ ಗೋಡೆ ನೋಡಿ ವಿಂಗಡಿಸುತ್ತಿದ್ದೀರಿ ಎಂದೆ. ಕಲ್ಲಿನಿಂದ ನೀರಿಗೆ, ನೀರಿನಿಂದ ಮೈಗೆ ಇರುವ ದಾರಿ ಒಂದೇ, ಅದನ್ನು ಒಂದೇ ವಿಭಾಗ ಮಾಡಿ ಎಂದೆ. ಅರ್ಧ ಜನ ತಲೆಯಾಡಿಸಿದರು. ಅಧ್ಯಕ್ಷರು ಮಾತ್ರ ಕಥೆ ಚೆನ್ನಾಗಿದೆ, ಪುರಾವೆ ಎಲ್ಲಿ ಎಂದರು. ಆಮೇಲೆ ಅಲ್ಲೊಂದು ಸಣ್ಣ ಸಂಗತಿ ನಡೆಯಿತು, ಅದಿರಲಿ ಬಿಡು. ಊಟಕ್ಕೆ ಏಳುವ ಮೊದಲು ಅವರೇ ಪೆನ್ನು ತೆಗೆದು ‘ಇತರೆ’ಯನ್ನು ಹೊಡೆದುಹಾಕಿದರು. ‘ಕಲ್ಲು, ನೀರು, ಜೀವ’ ಈಗ ಮೊದಲ ಸಾಲಿನ ವಿಭಾಗ ಅಕ್ಕಾ! ಅದನ್ನು ನಡೆಸುವ ಹೊಣೆ ನನಗೇ ಕೊಟ್ಟಿದ್ದಾರೆ. ನಮ್ಮ ಬಾವಿಗಳ ಕೆಲಸ ನಿಲ್ಲುವುದಿಲ್ಲ. ಊರಿನ ಯಾವ ಹುಡುಗಿಯೂ ಇನ್ನು ಇದ್ದಿಲು ತಿಕ್ಕಿಸಿಕೊಂಡು ಅಳಬಾರದು, ಅಲ್ಲಿಯವರೆಗೆ ನಾನು ಬಿಡುವುದಿಲ್ಲ.

ಮುಂದಿನ ಭಾನುವಾರ ಬರುತ್ತೇನೆ. ಜೂಜುವಾಡಿ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಮಧ್ಯೆ ಸಿಕ್ಕಿಹಾಕಿಕೊಳ್ಳದಿದ್ದರೆ ಮಧ್ಯಾಹ್ನದ ಊಟಕ್ಕೇ. ಮುದ್ದೆ, ಅವರೆಕಾಳು ಸಾರು ಮಾಡು. ಸಾರಿಗೆ ಫಿಲ್ಟರ್ ನೀರೇ ಹಾಕು, ಅಮ್ಮ ಏನಂದರೂ ಸರಿ.

ನಿನ್ನ ತಂಗಿ,
ವನಿತಾ

ಮರೆಯುವ ಮುಂಚೆ: ಆ ಸಣ್ಣ ಸಂಗತಿಯನ್ನು ಹೇಳದೆ ಇರಲಾಗುತ್ತಿಲ್ಲ. ಇಲ್ಲಿಯವರೆಲ್ಲ ನನ್ನನ್ನು ನಗುವೇ ಬಾರದ ಹೆಂಗಸು ಅಂದುಕೊಂಡಿದ್ದರು. ಪುರಾವೆ ಎಲ್ಲಿ ಎಂದು ಅಧ್ಯಕ್ಷರು ಕೇಳಿದಾಗ ನಾನು ಎದ್ದು ಅವರ ಎದುರು ನಿಂತು, ಕೈ ಅಡ್ಡ ಇಡದೆ, ಹಲ್ಲೆಲ್ಲ ಕಾಣುವ ಹಾಗೆ ನಕ್ಕೆ. ಜೊತೆಗಿಟ್ಟಿರುವ ಫೋಟೋ ಆಮೇಲೆ ತೆಗೆದದ್ದು. ನಡುವೆ ಬಾಯಿ ತುಂಬ ನಗುತ್ತಿರುವವಳು ನಾನೇ. ಅದಕ್ಕೆ ಕಟ್ಟು ಹಾಕಿಸಿ ನಡುಮನೆ ಗೋಡೆಗೆ ನೀನೇ ತೂಗುಹಾಕು, ಭಾವನಿಗೆ ಹೇಳಬೇಡ. ಮೊಳೆ ಹೊಡೆಯಲು ಎರಡು ಕೈಯೂ ಬೇಕು. ಆಗ ನಗು ಬಂದರೆ ಸೆರಗು ಹೇಗೆ ಹಿಡಿಯುತ್ತೀಯೋ ನೋಡೋಣ.