ಏಡಿ ಹಿಡಿಯುವ ಗೋಡೆಗೆ ಬೀಗ ಜಡಿದವರಿಗೆ

ಮಾನ್ಯ ಪ್ರವಾಸೋದ್ಯಮ ಅಧಿಕಾರಿಗಳೇ,

ನಮ್ಮ ಬಂದರಿನ ಗೋಡೆಗೆ ಹೋಗುವ ಗೇಟಿಗೆ ನೀವು ಬೀಗ ಜಡಿಸಿದ್ದೀರಿ. ಏಡಿ ಹಿಡಿಯುವ ಮಕ್ಕಳು ನೀರಿಗೆ ಬಿದ್ದಾರು ಎಂಬ ಕಾಳಜಿಯಂತೆ. ವೇಲ್ಸಿನ ಕಡಲತೀರದಲ್ಲಿ ಕಡಲಿದೆ ಎಂಬುದನ್ನು ನಿಮ್ಮ ಕಚೇರಿ ಕೊನೆಗೂ ಪತ್ತೆಹಚ್ಚಿತಲ್ಲ, ಅಭಿನಂದನೆಗಳು.

ನನ್ನ ಗಂಡ ಇದ್ವಾಲ್ ನಲವತ್ತು ಬೇಸಿಗೆ ಅದೇ ಗೋಡೆಯ ಮೇಲೆ ಕೂತು, ಪ್ರವಾಸ ಬರುವ ಸಂಡೇ ಸ್ಕೂಲ್ ಮಕ್ಕಳಿಗೆ ಏಡಿ ಹಿಡಿಯಲು ಕಲಿಸಿದ. ದಾರಕ್ಕೆ ಗಾಳ ಕಟ್ಟಬಾರದು, ಬಲೆಚೀಲದಲ್ಲಿ ಹಂದಿಮಾಂಸದ ಚೂರು ಸಾಕು. ಬಕೆಟ್ಟಿಗೆ ಹತ್ತೇ ಏಡಿ. ಏಳು ವರ್ಷ ತುಂಬದವರು ಗೋಡೆ ಹತ್ತುವಂತಿಲ್ಲ. ಸಂಜೆ ಬಕೆಟ್ಟು ಬಗ್ಗಿಸಿದಾಗ ಎಲ್ಲರೂ ಪಕ್ಕಕ್ಕೆ ಸರಿದು ಕಡಲಿಗೆ ಮರಳುವ ಏಡಿಗಳಿಗೆ ದಾರಿ ಬಿಡಬೇಕು. ಇವು ಅವನ ಕಾನೂನು. ಒಂದು ಮಗುವೂ ನೀರಿಗೆ ಬೀಳಲಿಲ್ಲ. ಇಂಥ ಕಾನೂನು ಬರೆಯಲು ನಿಮಗೆಷ್ಟು ಸಭೆಗಳು ಬೇಕಾಗುತ್ತಿದ್ದವು?

ಇದ್ವಾಲ್ ಕಳೆದ ಚಳಿಗಾಲ ತೀರಿಕೊಂಡ. ಗುಡ್ಡದೂರಿನಲ್ಲಿರುವ ನಮ್ಮ ಮೊಮ್ಮಗಳು ಲೈಕಿಗೆ ಮೇ ತಿಂಗಳಲ್ಲಿ ಏಳು ತುಂಬಿತು. ಕಳೆದ ಶನಿವಾರ ಅವಳು ಚಾಪೆಲಿನ ಸಂಡೇ ಸ್ಕೂಲ್ ಬಸ್ಸಿನಿಂದ ಅಜ್ಜನ ಬಕೆಟ್ಟು ಹಿಡಿದೇ ಇಳಿದಳು. ಗೇಟಿನಲ್ಲಿ ನಿಮ್ಮ ಹಳದಿ ಅಂಗಿಯ ಕಾವಲುಗಾರ ನಿಂತಿದ್ದ.

"ಬಿಡಕ್ಕಾಗಲ್ಲ ಅಮ್ಮಾ, ರೂಲ್ಸು."

"ಇಲ್ಲಿ ಯಾರಪ್ಪ ಬಿದ್ದಿರೋದು?"

"ಯಾರೂ ಬಿದ್ದಿಲ್ಲ. ಬಿದ್ರೆ ಅಂತ." ಆಮೇಲೆ ತಲೆ ತಗ್ಗಿಸಿದ. "ನಂಗೂ ಇಲ್ಲಿ ಕಲಿಸಿದ್ದು ನಿಮ್ಮೆಜಮಾನ್ರೇ. ಏನ್ಮಾಡ್ಲಿ ಹೇಳಿ, ಹೊಟ್ಟೆಪಾಡು."

ಅವನ ಮೇಲೆ ನನಗೆ ಸಿಟ್ಟಿಲ್ಲ. ನಾಚಿಕೆಪಡುವ ಕೆಲಸವನ್ನೂ ನೀವು ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸುತ್ತಿದ್ದೀರಿ, ಅಷ್ಟೇ.

ಮಕ್ಕಳನ್ನೆಲ್ಲ ನಿಮ್ಮ ಹೊಸ 'ಕುಟುಂಬ ಅನುಭವ ಕೇಂದ್ರ'ಕ್ಕೆ ಅಟ್ಟಲಾಯಿತು. ಅಲ್ಲಿ ಗಾಜಿನ ಪರದೆಯ ಮೇಲೆ ಏಡಿಯ ಚಿತ್ರ ಓಡಾಡುತ್ತದೆ, ಮುಟ್ಟಿದರೆ ಚಪ್ಪಾಳೆ ಕೇಳಿಸುತ್ತದೆ. ಕಿಟಕಿಯಿಂದ ನೋಡಿದರೆ ನಿಜವಾದ ಸಮುದ್ರ ಕಾಣಿಸುತ್ತದೆ, ಆದರೆ ಬೆಳಕು ಬಿದ್ದು ಏಡಿಯ ಚಿತ್ರ ಮಸುಕಾಗುತ್ತದೆಂದು ಕಿಟಕಿಗೆ ಪರದೆ ಎಳೆದಿದ್ದೀರಿ. ಲೈಕಿ ಎರಡು ಸಲ ಮುಟ್ಟಿ ನೋಡಿದಳು.

"ಅಜ್ಜಿ, ಇದು ಕಚ್ಚೋದೇ ಇಲ್ವಲ್ಲ," ಅಂದಳು. "ಸಂಜೆ ಇದನ್ನ ಎಲ್ಲಿಗೆ ಬಿಡೋದು?"

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ತಿಳಿಸಿ.

ಹೊರಬರುವಾಗ ನಿಮ್ಮ ಕೇಂದ್ರದವರು ಅವಳ ಕೈಗೆ ಈ ವರ್ಷದ ಪ್ರವಾಸಿ ಪುಸ್ತಿಕೆ ಕೊಟ್ಟರು. ಮುಖಪುಟದಲ್ಲಿ ಅದೇ ಗೋಡೆ, ಸುತ್ತ ಮಕ್ಕಳು, ನಡುವೆ ಬಕೆಟ್ಟು ಹಿಡಿದು ನಗುತ್ತಿರುವ ನನ್ನ ಗಂಡ. ಲೈಕಿ ಅದನ್ನು ಬಕೆಟ್ಟಿನೊಳಗೆ ಹಾಕಿಕೊಂಡು ಬಸ್ಸು ಹತ್ತಿದಳು. ಬಕೆಟ್ಟು ಒಣಗಿಯೇ ಇತ್ತು.

ಆಗಸ್ಟ್ ಕೊನೆಯ ಶನಿವಾರ ಆ ಬಸ್ಸು ಮತ್ತೆ ಬರುತ್ತದೆ. ಅಷ್ಟರಲ್ಲಿ ಬೀಗ ತೆಗೆಸಿ. ಇದ್ವಾಲ್ ಕೂರುತ್ತಿದ್ದ ಜಾಗದಲ್ಲಿ ನಾನು ಕೂರುತ್ತೇನೆ, ಅವನ ಕಾನೂನು ನನಗೆ ಬಾಯಿಪಾಠ. ಅದು ನಿಮ್ಮ ಕೈಲಾಗದಿದ್ದರೆ ಅವನನ್ನು ಮುಖಪುಟದಿಂದ ತೆಗೆಯಿರಿ. ಮೊಮ್ಮಗಳನ್ನು ಗೇಟಿನಿಂದಲೇ ವಾಪಸು ಕಳಿಸುವವರ ಪರವಾಗಿ ಅವನು ಅಲ್ಲಿ ನಗುತ್ತಾ ಕೂರಬೇಕಾಗಿಲ್ಲ.

ಇಂತಿ,
ಬೀಗದ ಹೊರಗೆ ನಿಂತಿರುವ,
ನಿಮ್ಮ ಮುಖಪುಟದ ಮುದುಕನ ಹೆಂಡತಿ,
ಮೇರ್ವೆನ್ ಪ್ಯೂ