ಒಂದು ಮಗ್ಗಕ್ಕೆ ಎಷ್ಟು ಜನ

ಗದಗ,
೧೪ ಸೆಪ್ಟೆಂಬರ್ ೧೯೭೯

ಅರ್ಥಶಾಸ್ತ್ರದ ಹಣಮಂತರಾವ್ ಸರ್ ಅವರಿಗೆ ನಮಸ್ಕಾರ.

ನೀವು ಬರೆದುಕೊಂಡು ಬಾ ಎಂದ ಕ್ಷಮಾಪಣೆಯಲ್ಲಿ ಅರ್ಧ ಮಾತ್ರ ಇದರಲ್ಲಿದೆ.

ಸಣ್ಣ ದೇಶವೊಂದು ಪರದೇಶದ ಬಟ್ಟೆಯ ಮೇಲಿನ ಸುಂಕ ತೆಗೆದರೆ ಏನಾಗುತ್ತದೆಂದು ಮಾಡೆಲ್ ಮಾಡಲು ಹೇಳಿದ್ದಿರಿ. ಬಟ್ಟೆ ಅಗ್ಗವಾಗುತ್ತದೆ, ಹತ್ತು ಸಾವಿರ ಮಗ್ಗ ನಿಲ್ಲುತ್ತವೆ. ಅಲ್ಲಿಯವರೆಗೆ ನನ್ನ ಗ್ರಾಫೂ ನಿಮ್ಮದೂ ಒಂದೇ. ಕೆಲಸ ಕಳೆದುಕೊಂಡವರು ಹತ್ತು ಸಾವಿರ ಎಂದು ನೀವು, ಮೂವತ್ತು ಸಾವಿರ ಎಂದು ನಾನು. ಶಿಗ್ಲಿಯ ನಮ್ಮ ಮನೆಯಲ್ಲಿ ಅಪ್ಪ ನೇಯುತ್ತಾನೆ, ಅವ್ವ ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತುತ್ತಾಳೆ, ಅಜ್ಜಿ ನೂಲಿಗೆ ಗಂಜಿ ಹಾಕುತ್ತಾಳೆ. ಮೂವರು ಸೇರಿದರೆ ಒಂದು ಸೀರೆ.

ನಾನು ಹಾಗೆ ಲೆಕ್ಕ ಬರೆದ ಹಾಳೆಯನ್ನು ನೀವು ಕ್ಲಾಸಿಗೆಲ್ಲ ಎತ್ತಿ ತೋರಿಸಿದಿರಿ. “ಏನಪಾ ಈರಪ್ಪ, ನಿಮ್ಮವ್ವನ್ನೂ ಲೇಬರ್‌ನ್ಯಾಗ ಹಿಡದೀಯಲ್ಲೋ! ಮನ್ಯಾಗ ಕೂತಾಕಿಗೆ ಎಲ್ಲೀ ಕೆಲಸಲೇ?” ಎಂದಿರಿ. ಎಲ್ಲರೂ ನಕ್ಕರು. “ನಮ್ಮವ್ವ ಸುಮ್ನ ಕೂತರ ಮಗ್ಗ ನಿಲ್ತೈತ್ರಿ ಸರ್. ನೀವು ಕೂತರ ಏನೂ ನಿಲ್ಲಂಗಿಲ್ಲ” ಎಂದೆ. ಅದಕ್ಕೇ ನನ್ನನ್ನು ಹೊರಗೆ ಹಾಕಿದಿರಿ.

ಅಟೆಂಡೆನ್ಸ್ ಹೋದರೆ ಹಾಸ್ಟೆಲ್ಲೂ ಹೋಗುತ್ತದೆ, ಆ ಹೆದರಿಕೆ ನನಗೆ ಖರೆ ಇದೆ. ಎದುರು ಮಾತಾಡಿದ್ದಕ್ಕೆ ತಪ್ಪಾಯಿತು. ಆದರೆ ಅವ್ವನನ್ನು ಎಣಿಸಿದ್ದಕ್ಕೆ ತಪ್ಪಾಯಿತು ಎಂದು ಬರೆಯಲಾರೆ.

ಶನಿವಾರ ಊರಿಗೆ ಹೋಗುತ್ತಿದ್ದೇನೆ. ದಯವಿಟ್ಟು ನೀವೂ ಬನ್ನಿ. ಆ ಒಂದು ದಿನ ಅವ್ವನಿಗೆ ಸುಮ್ಮನೆ ಕೂರಲು ಹೇಳುತ್ತೇನೆ. ಅಪ್ಪ ಎಷ್ಟು ಮೊಳ ನೇಯುತ್ತಾನೋ ನೀವೇ ಅಳೆದು ಗ್ರಾಫಿನಲ್ಲಿ ಹಾಕಿಕೊಳ್ಳಿ.

ನಿಮ್ಮ ಕ್ಲಾಸಿನ ಬಾಗಿಲ ಹೊರಗಿರುವ,
ಈರಪ್ಪ ಕಬಾಡರ
ಬಿ.ಎ. ಮೊದಲ ವರ್ಷ